ಬಲಗಡೆಯ ಮೆಟ್ಟಿಲು

ಒಂದೇ ಸುದ್ದಿ ಒಂದೇ ಮನೆಗೆ ಎರಡು ಬಾಗಿಲಿನಿಂದ ಬಂದರೆ ಏನಾಗುತ್ತದೆ ಎಂದು ನೋಡಬೇಕಿದ್ದವರು ಆ ಮಂಗಳವಾರ ಸಂಜೆ ಮೇಸ್ತ್ರಿಗಳ ಮನೆಯ ಊಟದ ಮೇಜಿನ ಹತ್ತಿರ ಇರಬೇಕಿತ್ತು. ಮುಂಬಾಗಿಲಿನಿಂದ ಬಂದ ಮೇಸ್ತ್ರಿಗಳು ಟೋಪಿಯನ್ನು ಮೊಳೆಗೆ ಸಿಕ್ಕಿಸದೆ ಕುರ್ಚಿಯ ಮೇಲೆ ಎಸೆದು, ತಮ್ಮ ಕೆಲಸ ಹೋಯಿತು ಎಂದರು. ಹಿತ್ತಲ ಬಾಗಿಲಿನಿಂದ ಬಂದ ಸೊಸೆ ಕೇಕಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತನಗೆ ಬಡ್ತಿ ಬಂತು ಎಂದಳು. ಎರಡೂ ಒಂದೇ ಮಾತು ಎಂದು ಮನೆಯವರಿಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ ಯಾರ ಪಕ್ಷವನ್ನೂ ವಹಿಸದೆ ಎರಡು ತುಂಡು ಕೇಕು ತಿಂದಳು.

ವಿಷಯ ಇಷ್ಟು. ಲಾರಿ ಕೊಳ್ಳುವವರೆಲ್ಲ ಒಂದೇ ಥರದ ಲಾರಿ ಕೇಳುವುದಿಲ್ಲ. ಒಬ್ಬನಿಗೆ ಕ್ಯಾಬಿನ್ ಹತ್ತಲು ಒಂದು ಮೆಟ್ಟಿಲು ಸಾಕು, ಇನ್ನೊಬ್ಬನಿಗೆ ಎರಡು ಬೇಕು. ಒಬ್ಬನಿಗೆ ಗಾಜಿನ ಮೇಲೆ ಬಿಸಿಲ ಮರೆ, ಒಬ್ಬನಿಗೆ ನೆತ್ತಿಯ ಮೇಲೆ ಸಾಲು ದೀಪ, ಮತ್ತೊಬ್ಬನಿಗೆ ಸೀಟಿನ ಹಿಂದೆ ಮಲಗುವ ಹಲಗೆ. ಇಷ್ಟು ವರ್ಷ ಇವನ್ನೆಲ್ಲ ಕಾರ್ಖಾನೆಯಲ್ಲೇ, ಗಾಡಿ ಜೋಡಣೆಯ ಸಾಲಿನಲ್ಲಿ ಸಾಗುತ್ತಿರುವಾಗಲೇ ಕೂರಿಸುತ್ತಿದ್ದರು. ಇನ್ನು ಮುಂದೆ ಗಾಡಿ ಬರಿಮೈಯಲ್ಲಿ ಹೊರಗೆ ಬರುತ್ತದೆ, ಸಾಮಾನು ಪೆಟ್ಟಿಗೆಗಳಲ್ಲಿ ಬೇರೆಯಾಗಿ ಬರುತ್ತದೆ. ಗಾಡಿ ಕೊಡುವ ದಿನ ಡೆಲಿವರಿ ಯಾರ್ಡಿನಲ್ಲಿ, ಕೊಂಡವರ ಕಣ್ಣೆದುರಿಗೇ, ಅವರು ಹೇಳಿದ ಕಡೆ ಜೋಡಿಸಿಕೊಡುತ್ತಾರೆ. ಮೂರು ತಿಂಗಳು ಪರೀಕ್ಷೆಯ ಕಾಲ. ಅಷ್ಟರಲ್ಲಿ ಯಾರ್ಡಿನ ಜೋಡಣೆಯ ಮೇಲೆ ಮೂರು ದೂರು ಬಂದರೆ ಕೆಲಸ ವಾಪಸು ಕಾರ್ಖಾನೆಗೆ. ಬರದಿದ್ದರೆ ಕಾರ್ಖಾನೆಯ ಆ ಸಾಲು ಕಾಯಂ ಬಂದ್.

ಆ ಸಾಲಿನಲ್ಲಿ ಎಡಬದಿಯ ಮೆಟ್ಟಿಲು ಕೂರಿಸುತ್ತಿದ್ದವರು ನಮ್ಮ ಮೇಸ್ತ್ರಿಗಳು. ಗಾಡಿ ಅವರ ಮುಂದೆ ನಾಲ್ಕು ನಿಮಿಷ ನಿಲ್ಲುತ್ತಿತ್ತು. ನಾಲ್ಕು ಬೋಲ್ಟು, ನಾಲ್ಕು ನಿಮಿಷ, ಮುಂದಿನ ಗಾಡಿ. ಹೀಗೆ ಇಪ್ಪತ್ತೆಂಟು ವರ್ಷ. ಈಗ ಅವರನ್ನು, ಸಂಬಳ ಬರುತ್ತದೆ, ಮನೆಯಲ್ಲಿರಿ, ತೀರ್ಮಾನವಾದ ಮೇಲೆ ಹೇಳುತ್ತೇವೆ ಎಂದು ಕಳಿಸಿದ್ದರು. ಸೊಸೆ ಆರು ವರ್ಷದಿಂದ ಅದೇ ಕಂಪನಿಯ ಡೆಲಿವರಿ ಯಾರ್ಡಿನಲ್ಲಿ ಹೊಸ ಲಾರಿಗಳನ್ನು ತೊಳೆಸಿ, ತಪಾಸಣೆ ಮಾಡಿ, ಕೀಲಿ ಕೊಡುತ್ತಿದ್ದವಳು. ಈಗ ಅವಳು ಜೋಡಣೆ ವಿಭಾಗದ ಮುಖ್ಯಸ್ಥೆ. ಮನೆಯಲ್ಲಿ ಒಬ್ಬರ ಕೆಲಸ ಉಳಿಯಬೇಕಾದರೆ ಇನ್ನೊಬ್ಬರದ್ದು ಹೋಗಲೇಬೇಕು. ಇಬ್ಬರೂ ಉಣ್ಣುವುದು ಮಾತ್ರ ಒಂದೇ ಪಾತ್ರೆಯಿಂದ.

"ನಿಮ್ಮನ್ನ ಒಂದು ಮಾತು ಕೇಳಲಿಲ್ವಾ?" ಎಂದು ಮೇಸ್ತ್ರಿಗಳ ಹೆಂಡತಿ ವಿಚಾರಿಸಿದರು.

"ಕೋಳಿನ ಕೇಳಿ ಮಸಾಲೆ ಅರೀತಾರಾ?" ಎಂದರು ಮೇಸ್ತ್ರಿಗಳು. ಆಮೇಲೆ ಕೇಕಿನ ಕಡೆ ನೋಡಿ, ಇದು ಯಾವ ಸಂತೋಷಕ್ಕೆ ಎಂದು ಕೇಳಿದರು. ಸೊಸೆ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಮಗ ಎದ್ದು ಹೋಗಿ, ಒಣಗಿದ ಬಟ್ಟೆಗಳನ್ನು ತಂದು ಮಡಚತೊಡಗಿದ. ಅವನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ. ಮನೆಯಲ್ಲಿ ಅಪ್ಪನಿಗೂ ಹೆಂಡತಿಗೂ ಮಾತು ಹತ್ತಿತೆಂದರೆ ಅವನ ಕೈ ತಾನಾಗಿ ಬಟ್ಟೆಗೆ ಹೋಗುತ್ತಿತ್ತು. ಆ ಮೂರು ತಿಂಗಳು ಅವರ ಮನೆಯಲ್ಲಿ ಒಂದು ಕರವಸ್ತ್ರವೂ ಮಡಚದೆ ಉಳಿದಿರಲಿಲ್ಲ.

ಮೊದಲ ವಾರ ಮೇಸ್ತ್ರಿಗಳು ಮನೆಯಲ್ಲಿದ್ದ ತಿರುಪುಗಳನ್ನೆಲ್ಲ ಬಿಗಿದರು. ಎರಡನೆಯ ವಾರ, ಬಿಗಿದದ್ದು ಸಡಿಲವಾಗಿದೆಯೇನೋ ಎಂದು ಮತ್ತೆ ಬಿಗಿದರು. ಬಚ್ಚಲಿನ ನಲ್ಲಿಯನ್ನು ಎಷ್ಟು ಬಿಗಿದರೆಂದರೆ ಅದನ್ನು ತಿರುಗಿಸಲು ಪಕ್ಕದ ಮನೆಯ ಬಡಗಿ ಬರಬೇಕಾಯಿತು. ಜಾಮ್ ಬಾಟಲಿಯ ಮುಚ್ಚಳ ತೆಗೆಯಲು ಹೋಗಿ ಹೆಂಡತಿಯ ಮಣಿಕಟ್ಟು ಉಳುಕಿತು. ಕೆಲಸವಿಲ್ಲದ ಬಡಗಿ ಮಗನಿಗೆ ಏನು ಮಾಡಿದ ಎಂಬ ಗಾದೆ ಎಲ್ಲರಿಗೂ ಗೊತ್ತಿರುವುದೇ. ಮಗ ಅದಕ್ಕೇ ಅಪ್ಪನಿಂದ ಎರಡು ಕುರ್ಚಿ ಆಚೆ ಕೂರುತ್ತಿದ್ದ.

ಇನ್ನು ಮನೆಗೆಲಸದ ಕಥೆ. ಕೂತು ಉಣ್ಣುವುದು ಬೇಡ ಎಂದು ಮೇಸ್ತ್ರಿಗಳು ತಾವಾಗಿಯೇ ಪಾತ್ರೆ ತೊಳೆಯಲು ನಿಂತರು. ನಾಲ್ಕು ನಿಮಿಷಕ್ಕೆ ಸರಿಯಾಗಿ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದರು. ಉಳಿದದ್ದನ್ನು ಯಾರು ತೊಳೆಯಬೇಕು ಎಂದು ಹೆಂಡತಿ ಕೇಳಿದರೆ, ಮುಂದಿನವರು ಎಂಬ ಉತ್ತರ ಬಂತು. ಮುಂದಿನವರು ಯಾರೆಂದು ಇಡೀ ಮನೆ ಹುಡುಕಿದರೂ ಆಕೆಗೆ ತಮ್ಮನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಸಂಜೆಯ ಊಟಕ್ಕೆ ಸೊಸೆ ಬಂದಾಗ ನಿಜವಾದ ಜಗಳ. ಅವಳು ಆಲೂಗಡ್ಡೆ ಬಡಿಸಿಕೊಳ್ಳುತ್ತ, ಇವತ್ತು ಐದು ಗಾಡಿ ಕೊಟ್ಟೆವು ಎಂದು ಗಂಡನಿಗೆ ಹೇಳುತ್ತಿದ್ದಳು. ಹೇಳಿದ್ದು ಗಂಡನಿಗೆ, ಕೇಳಿಸಿಕೊಳ್ಳಬೇಕಾದವರು ಬೇರೆ.

"ಬಯಲಲ್ಲಿ ಕೂರಿಸಿದ ಮೆಟ್ಟಿಲು ಮೊದಲನೇ ಗುಂಡಿಗೇ ಉದುರುತ್ತೆ," ಎಂದರು ಮೇಸ್ತ್ರಿಗಳು ಉಪ್ಪಿನ ಡಬ್ಬಿಯ ಜೊತೆ ಮಾತಾಡುವವರ ಹಾಗೆ.

"ಉದುರಿದ್ರೆ ನಮ್ಮ ಹತ್ರ ತರ್ತಾರೆ ಮಾವ, ಕೂರಿಸಿ ಕೊಡ್ತೀವಿ. ನಿಮ್ಮಲ್ಲಿ ಕೂರಿಸಿದ್ದು ಉದುರಿದ್ರೆ ಯಾರ ಹತ್ರ ಹೋಗ್ತಿದ್ರು?"

"ನಮ್ಮಲ್ಲಿ ಉದುರ್ತಿರಲಿಲ್ಲ."

"ನಿಮಗೆ ಹೇಗೆ ಗೊತ್ತು?"

ಮೇಸ್ತ್ರಿಗಳು ಅನ್ನ ಗಟ್ಟಿಯಾಗಿದೆ ಎಂದರು. ಅನ್ನ ಮಾಡಿದವನು ಮಗ. ಅವನು ಟವೆಲ್ಲುಗಳನ್ನು ಎತ್ತಿಕೊಂಡು ಒಳಗೆ ಹೋದ.

ನಾಲ್ಕನೆಯ ವಾರ ಮೊದಲ ದೂರು ಬಂತು. ಯಾರೋ ತಂತಿ ಅದಲುಬದಲು ಮಾಡಿದ್ದರಿಂದ ಒಂದು ಲಾರಿಯ ದೀಪ ಹಚ್ಚಿದರೆ ಹಾರ್ನು ಹೊಡೆಯುತ್ತಿತ್ತಂತೆ. ಅದರ ಮಾಲೀಕ ಸಂಜೆಯಿಂದ ಊರು ತಲುಪುವವರೆಗೂ ಒಂದೇ ಸಮನೆ ಹಾರ್ನು ಹೊಡೆದುಕೊಂಡು ಹೋದನಂತೆ. ಇದನ್ನು ಕೇಳಿ ಮೇಸ್ತ್ರಿಗಳು ನಕ್ಕ ನಗುವಿಗೆ ಕುಡಿಯುತ್ತಿದ್ದ ನೀರು ಮೂಗಿಗೆ ಹೋಯಿತು. ಸೊಸೆಯೂ ಒಳಗೊಳಗೇ ನಕ್ಕಳು, ಆದರೆ ಆಲೂಗಡ್ಡೆಯ ಪಾತ್ರೆಯನ್ನು ಅವರ ಕೈಗೆಟುಕದಷ್ಟು ದೂರ ಸರಿಸಿದಳು. ಮರುವಾರ ಎರಡನೆಯ ದೂರು, ಒಂದು ಬಾಗಿಲಿಗೆ ಗೀರು. ಇನ್ನು ಒಂದು ಬಂದರೆ ಮುಗಿಯಿತು. ಅಂದು ಯಾರೂ ನಗಲಿಲ್ಲ. ಸೊಸೆ ಅರ್ಧ ಊಟದಲ್ಲೇ ಎದ್ದಳು. ಅದನ್ನು ನೋಡಿ ಮೇಸ್ತ್ರಿಗಳಿಗೆ ಕೆಡುಕೆನಿಸಿತು, ಕೆಡುಕೆನಿಸಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂತು.

ಇಂಥ ಹೊತ್ತಿನಲ್ಲೇ ಕಾರ್ಖಾನೆಯ ಫೋರ್‌ಮನ್ ಫೋನು ಮಾಡಿದ. ಹಳೆಯ ಗೆಳೆಯ. ಸಾಲು ಮತ್ತೆ ತೆರೆಯಬೇಕಾದರೆ ಪುರಾವೆ ಬೇಕು, ನಿಮ್ಮ ಸೊಸೆಯೇ ಯಾರ್ಡಿನಲ್ಲಿದ್ದಾರಲ್ಲ, ಒಂದು ದಿನ ಹೋಗಿ ಅಲ್ಲಿನ ಹುಳುಕು ಬರೆದುಕೊಂಡು ಬನ್ನಿ ಎಂದ. ಮೇಸ್ತ್ರಿಗಳು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮೊಮ್ಮಗಳ ಬಳಿ ಹೋಗಿ ಬರೆಯದ ಒಂದು ನೋಟ್‌ಬುಕ್ಕು ಇದೆಯೇ ಎಂದು ಮಾತ್ರ ಕೇಳಿದರು.

ಯಾರ್ಡಿಗೆ ಹೋಗುವ ದಾರಿ ತಾನಾಗಿಯೇ ತೆರೆಯಿತು. ಸೊಸೆಯ ಕೈಕೆಳಗೆ ಇದ್ದದ್ದು ಇಬ್ಬರು ಫಿಟ್ಟರುಗಳು, ಒಬ್ಬ ಉದ್ದನೆಯವನು, ಒಬ್ಬಳು ಹೊಸಬಳು. ಉದ್ದನೆಯವನು ಕ್ಯಾಬಿನ್ನಿನಿಂದ ಜಾರಿ ಕೈ ಮುರಿದುಕೊಂಡ. ಅದೇ ವಾರ ಹಾಲಿನ ಕಂಪನಿಯೊಂದಕ್ಕೆ ಹದಿಮೂರು ಲಾರಿ ಒಂದೇ ದಿನ ಕೊಡಬೇಕಿತ್ತು, ಮೊಟ್ಟೆ ವ್ಯಾಪಾರಿಯೊಬ್ಬರದ್ದು ಇನ್ನೊಂದು. ಸೊಸೆ ತಲೆಯ ಮೇಲೆ ಕೈಹೊತ್ತು ಕೂತಳು, ಆದರೆ ಮಾವನನ್ನು ಕೇಳಲಿಲ್ಲ. ಮಾವನೂ ಬಾಯಿಬಿಡಲಿಲ್ಲ. ಕೇಳಿದವರು ಅತ್ತೆ.

"ನೋಡು, ಇವರನ್ನ ಎರಡು ದಿನಕ್ಕಾದ್ರೂ ಕರ್ಕೊಂಡು ಹೋಗು. ಇಲ್ಲಾಂದ್ರೆ ನಾನೇ ನಿನ್ನ ಯಾರ್ಡಿಗೆ ಬಂದುಬಿಡ್ತೀನಿ. ಈ ಮನೇಲಿ ಇನ್ನು ಬಿಗಿಯೋಕೆ ಉಳಿದಿರೋದು ನಾನೊಬ್ಬಳೇ."

ಯಾರ್ಡಿನ ಮ್ಯಾನೇಜರ್ ಒಪ್ಪಿದ. ಕಾರ್ಖಾನೆಯ ಸಂಬಳ ಹೇಗೂ ಬರುತ್ತಿದೆಯಲ್ಲ, ಎರಡು ದಿನ ಕೈಹಚ್ಚಲಿ ಎಂದ. ಹೀಗೆ ಮೇಸ್ತ್ರಿಗಳು, ಜೇಬಿನಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು, ಒಂದು ಕೈಯಲ್ಲಿ ಸಹಾಯ ಇನ್ನೊಂದು ಕೈಯಲ್ಲಿ ಗೂಢಚರ್ಯೆ ಹಿಡಿದು, ಸೊಸೆಯ ಸ್ಕೂಟರಿನ ಹಿಂದೆ ಕೂತು ಹೊರಟರು.

ಮೊದಲ ದಿನ ಅವರು ಸುಮ್ಮನೆ ನೋಡಿದರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಯಾರ್ಡಿನಲ್ಲಿ ಸೈರನ್ ಇಲ್ಲ ಎಂದು ಬರೆದರು. ಬೋಲ್ಟು ಹಾಕುವ ಮಧ್ಯೆ ಟೀ ಕುಡಿಯುತ್ತಾರೆ ಎಂದು ಬರೆದರು. ಒಬ್ಬ ಗಿರಾಕಿಯ ಅತ್ತೆ ಕೂಡ ಬಂದು ಸೀಟಿನ ಬಣ್ಣದ ಬಗ್ಗೆ ತಕರಾರು ಮಾಡುತ್ತಿದ್ದಾಳೆ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ತರಕಾರಿ ಸಾಗಿಸುವ ಒಬ್ಬ ಹೆಂಗಸು ತನ್ನ ಲಾರಿ ಪಡೆಯಲು ಬಂದಳು. ಕುಳ್ಳಗೆ, ದುಂಡಗೆ ಇದ್ದಳು. ಸೊಸೆ ಮೆಟ್ಟಿಲಿನ ಪೆಟ್ಟಿಗೆ ತೆರೆಯಲೇ ಇಲ್ಲ. ಮೊದಲು ಆ ಹೆಂಗಸನ್ನು ಕ್ಯಾಬಿನ್ ಪಕ್ಕ ನಿಲ್ಲಿಸಿ, ಕಾಲೆತ್ತಿ ತೋರಿಸಿ ಎಂದಳು. ಅವಳ ಪಾದ ಎಲ್ಲಿಗೆ ಬಂತೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಮೆಟ್ಟಿಲು ಆ ಗೆರೆಗೆ ಕೂತಿತು. ಹೆಂಗಸು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ತಾನು ಹದಿನೈದು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ, ಬಾಗಿಲು ಹಿಡಿದು ನೇತಾಡದೆ ಹತ್ತಿದ್ದು ಇದೇ ಮೊದಲು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮೇಸ್ತ್ರಿಗಳು ನೋಟ್‌ಬುಕ್ಕು ಹಿಡಿದುಕೊಂಡೇ ನಿಂತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ತಾವು ಕೂರಿಸಿದ ಮೆಟ್ಟಿಲಿನ ಮೇಲೆ ಒಂದು ಪಾದ ಬಿದ್ದದ್ದನ್ನು ಅವರು ಕಂಡಿರಲಿಲ್ಲ. ಗಾಡಿ ಮುಂದೆ ಹೋಗುತ್ತಿತ್ತು, ಮುಂದಿನದು ಬರುತ್ತಿತ್ತು. ಆ ದಿನ ಅವರು ಮತ್ತೇನೂ ಬರೆಯಲಿಲ್ಲ.

ಮರುದಿನ ಹದಿನಾಲ್ಕು ಲಾರಿ. ಸೊಸೆ ಮುಂಚೆಯೇ ಹೇಳಿಬಿಟ್ಟಳು: ಮಾವ ಎಡಗಡೆ ಮಾತ್ರ, ಬಲಗಡೆ ಹೊಸಬಳು. ಮೇಸ್ತ್ರಿಗಳು ಅಂಗಿಯ ತೋಳು ಮಡಚಿದರು ನೋಡಿ, ಯಾರ್ಡಿನವರು ಟೀ ಬಿಟ್ಟು ಸುತ್ತ ನಿಂತರು. ಹಾಲಿನ ಕಂಪನಿಗೆ ಎಲ್ಲವೂ ಒಂದೇ ಅಳತೆಯ ಮೆಟ್ಟಿಲು. ಅವರ ಕೈ ಹೋದದ್ದು ಕಾಣುತ್ತಿರಲಿಲ್ಲ, ಬೋಲ್ಟು ಕೂತದ್ದು ಮಾತ್ರ ಕಾಣುತ್ತಿತ್ತು. ಹೊಸಬಳು ಬಲಗಡೆ ಒಂದು ಮುಗಿಸುವಷ್ಟರಲ್ಲಿ ಇವರು ಎಡಗಡೆ ಮೂರು ಮುಗಿಸಿ, ಸ್ಪ್ಯಾನರ್ ತಿರುಗಿಸುತ್ತ ನಿಂತಿರುತ್ತಿದ್ದರು. ಸೊಸೆ ದೂರದಿಂದಲೇ ನೋಡಿ ನಕ್ಕಳು. ಆರು ವಾರದಲ್ಲಿ ಅವಳು ಮಾವನನ್ನು ನೋಡಿ ನಕ್ಕದ್ದು ಅದೇ ಮೊದಲು, ಅದು ಮೇಸ್ತ್ರಿಗಳ ತಲೆಗೇರಿತು.

ಕೊನೆಗೆ ಉಳಿದದ್ದು ಮೊಟ್ಟೆ ವ್ಯಾಪಾರಿಯ ಗಾಡಿ. ಹೊಸಬಳನ್ನು ದೀಪದ ಕೆಲಸಕ್ಕೆ ಯಾರೋ ಕರೆದರು. ವ್ಯಾಪಾರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಇದೇನು ಮಹಾ ಎಂದು ಮೇಸ್ತ್ರಿಗಳು ಎಡಗಡೆ ಮುಗಿಸಿ, ಗಾಡಿ ಸುತ್ತಿ ಬಂದು, ಬಲಗಡೆಯದನ್ನೂ ತಾವೇ ಕೂರಿಸಿಬಿಟ್ಟರು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಇದೆ ಎಂದು ಅವರಿಗೆ ಅನಿಸಲಿಲ್ಲ.

ಅಂದು ಸಂಜೆ ಮನೆಯಲ್ಲಿ ಸುಖವೋ ಸುಖ. ಮಗ ಮೊಟ್ಟೆ ಹುರಿದ, ಅತ್ತೆ ಸೊಸೆಗೆ ಎರಡು ಬಡಿಸಿದರು, ಸೊಸೆ ಅದರಲ್ಲಿ ಒಂದನ್ನು ಮಾವನ ತಟ್ಟೆಗೆ ಹಾಕಿದಳು. ಫೋರ್‌ಮನ್ ಫೋನು ಮಾಡಿದಾಗ ಮೇಸ್ತ್ರಿಗಳು ಬಚ್ಚಲಿನಲ್ಲಿದ್ದಾರೆ ಎಂದು ಮೊಮ್ಮಗಳಿಂದ ಹೇಳಿಸಿದರು.

ಸುಖ ಹತ್ತು ದಿನ ಬಾಳಿತು. ಹನ್ನೊಂದನೆಯ ದಿನ ಮೊಟ್ಟೆ ವ್ಯಾಪಾರಿಯ ಲಾರಿ, ಬಲಗಡೆಯ ಮೆಟ್ಟಿಲನ್ನು ಹಗ್ಗದಿಂದ ಕಟ್ಟಿಕೊಂಡು, ಯಾರ್ಡಿಗೆ ವಾಪಸು ಬಂತು. ಅಂಗಡಿಯ ಮುಂದೆ ಇಳಿಯುವಾಗ ಮೆಟ್ಟಿಲು ಜಾರಿ ವ್ಯಾಪಾರಿ ಕೆಸರಿನಲ್ಲಿ ಕೂತನಂತೆ. ಮೈಗೆ ಏನೂ ಆಗಿರಲಿಲ್ಲ, ಪ್ಯಾಂಟು ಮಾತ್ರ ಹೋಯಿತು. ಮೊಟ್ಟೆ ಒಂದೂ ಒಡೆಯಲಿಲ್ಲ ಎಂದು ಅವನೇ ಹೆಮ್ಮೆಯಿಂದ ಹೇಳಿದನಂತೆ. ಆದರೂ ದೂರು ದೂರೇ. ಮೂರನೆಯದು. ಗುರುವಾರ ಕಂಪನಿಯ ಹಿರಿಯರು ಬರುತ್ತಾರೆ, ಬಂದು ಷರಾ ಬರೆದು ಹೋಗುತ್ತಾರೆ ಎಂದು ಸೊಸೆ ಊಟದ ಮೇಜಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಮುಂದಿನ ತೂತಿಗೆ ಗಿಡ್ಡ ಬೋಲ್ಟು ಹಾಕಿದ್ದಾರೆ," ಎಂದಳು. "ಎಡಗಡೆ ಮುಂದೆ ಗಿಡ್ಡದು, ಹಿಂದೆ ಉದ್ದದ್ದು. ಬಲಗಡೆ ಅದು ತಿರುವುಮುರುವು. ಅಲ್ಲಿ ಪಟ್ಟಿ ದಪ್ಪ ಇದೆ, ಉದ್ದದ್ದೇ ಬೇಕು. ಇದು ಹೊಸಬಳಿಗೂ ಗೊತ್ತು. ನಾನು ಮುಟ್ಟೇ ಇಲ್ಲ ಅಂತ ಅಳ್ತಾಳೆ, ಯಾರೂ ನಂಬ್ತಿಲ್ಲ. ಬಲಗಡೆ ಅವಳದ್ದೇ ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಗಳು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡು, ಕೈ ತೊಳೆದು ಎದ್ದರು. ತಟ್ಟೆಯಲ್ಲಿ ಊಟ ಹಾಗೇ ಇತ್ತು.

ಆ ರಾತ್ರಿ ಕಳೆದು ಬೆಳಗ್ಗೆ ಫೋರ್‌ಮನ್ ಫೋನಿನಲ್ಲಿ ಕುಣಿದಾಡಿದ. ಮೂರು ಆಯಿತಲ್ಲ, ಇನ್ನೇನು, ಮುಂದಿನ ತಿಂಗಳು ನಿಮ್ಮ ಜಾಗದಲ್ಲಿ ನೀವು ಎಂದ. ಇಷ್ಟು ದಿನ ಯಾವ ಮಾತಿಗಾಗಿ ಕಾದಿದ್ದರೋ ಆ ಮಾತು ಬಂದಾಗ ಅದು ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಬಾಯಿ ಬಿಟ್ಟರೆ ಇಪ್ಪತ್ತೆಂಟು ವರ್ಷದ ಹೆಸರು ಮಣ್ಣುಪಾಲು, ಕೆಲಸವೂ ಹೋದೀತು. ಬಿಡದಿದ್ದರೆ ಸೊಸೆಯ ವಿಭಾಗ ಮುಚ್ಚುತ್ತದೆ, ಹೊಸಬಳು ಮಾಡದ ತಪ್ಪಿಗೆ ಮನೆಗೆ ಹೋಗುತ್ತಾಳೆ. ಎರಡು ದಿನ ಮೇಸ್ತ್ರಿಗಳು ಮನೆಯಲ್ಲಿ ಒಂದು ತಿರುಪನ್ನೂ ಬಿಗಿಯಲಿಲ್ಲ. ಅದರಿಂದಲೇ ಹೆಂಡತಿಗೆ ಅನುಮಾನ ಬಂತು.

ಬುಧವಾರ ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಆಕೆ ನೇರವಾಗಿ ಕೇಳಿದರು, "ಆ ಮೆಟ್ಟಿಲು ನೀವು ಕೂರಿಸಿದ್ದಾ?"

ಮೇಸ್ತ್ರಿಗಳು ಒಂದು ಬಟಾಣಿಯನ್ನು ಬಹಳ ಹೊತ್ತು ಸುಲಿದರು.

"ಕೈ ತಾನಾಗೇ ಹೋಯ್ತು ಕಣೇ. ನಾನು ಎಡಗಡೆಯೋನು. ಇಪ್ಪತ್ತೆಂಟು ವರ್ಷದಲ್ಲಿ ಲಾರಿಯ ಬಲಗಡೆ ಹೇಗಿರುತ್ತೆ ಅಂತ ನಾನು ಒಂದ್ಸಲನೂ ಸುತ್ತಿ ಬಂದು ನೋಡಿಲ್ಲ. ನಾಲ್ಕು ನಿಮಿಷದಲ್ಲಿ ಎಲ್ಲಿ ಸುತ್ತೋದು?"

ಹೆಂಡತಿಯ ಭುಜ ಅಲುಗತೊಡಗಿತು. ಆಮೇಲೆ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

"ಮೂವತ್ನಾಲ್ಕು ವರ್ಷದಿಂದ ನಾನು ನಿಮ್ಮ ಬಲಗಡೆ ಮಲಗ್ತಿದ್ದೀನಿ. ನಿಮ್ಮ ಕಣ್ಣಿಗೆ ನಾನ್ಯಾಕೆ ಬೀಳಲ್ಲ ಅಂತ ಇವತ್ತು ಗೊತ್ತಾಯ್ತು."

ಮೇಸ್ತ್ರಿಗಳಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ತಾವು ಹೇಳಿಬಿಟ್ಟರೆ ಕೆಲಸ ಹೋಗುತ್ತದೆ ಎಂದರು. ಹೋಗಲಿ ಎಂದರು ಹೆಂಡತಿ. ಇಷ್ಟು ವರ್ಷ ನೀವು ದುಡಿದು ತಂದದ್ದನ್ನು ತಾನು ತಲೆಯೆತ್ತಿಕೊಂಡು ಉಂಡಿದ್ದೇನೆ, ಸೊಸೆಯ ಮುಂದೆ ತಲೆತಗ್ಗಿಸಿ ಉಣ್ಣುವ ಅನ್ನ ತನಗೆ ಬೇಡ ಎಂದರು. ಅಷ್ಟು ಹೇಳಿ, ಬಟಾಣಿಯಲ್ಲಿ ಹುಳ ಇದ್ದರೆ ನೋಡಿ ಹಾಕಿ, ನೀವು ಎಡಗಡೆಯದನ್ನು ಮಾತ್ರ ನೋಡುವವರು ಎಂದು ಸೇರಿಸಿದರು.

ಗುರುವಾರ ಯಾರ್ಡಿನ ಕಚೇರಿಯಲ್ಲಿ ಆರು ಕುರ್ಚಿ ಹಾಕಿದ್ದರು. ಕಂಪನಿಯ ಕಡೆಯಿಂದ ಬಂದವರಲ್ಲಿ ಮುಖ್ಯರಾದವರು ದಪ್ಪ ಕನ್ನಡಕದ ಒಬ್ಬ ಹಿರಿಯಾಕೆ. ಆಕೆಯ ಪಕ್ಕ ಫೋರ್‌ಮನ್, ಮದುವೆ ಗಂಡಿನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು. ಮೊಟ್ಟೆ ವ್ಯಾಪಾರಿಯೂ ಇದ್ದ. ಹೊಸಬಳು ಬಾಗಿಲ ಬಳಿ ಕೆಂಪು ಕಣ್ಣು ಮಾಡಿಕೊಂಡು ನಿಂತಿದ್ದಳು. ಸೊಸೆ ಎದ್ದು ನಿಂತು, ತಪ್ಪು ತನ್ನ ವಿಭಾಗದ್ದು, ತನ್ನದೇ ಎಂದು ಹೇಳಿ ಮುಗಿಸುವಷ್ಟರಲ್ಲಿ ಮೇಸ್ತ್ರಿಗಳು ಒಳಗೆ ಬಂದರು. ಫೋರ್‌ಮನ್ ಕಣ್ಣು ಮಿಟುಕಿಸಿ, ನೋಟ್‌ಬುಕ್ಕು ಎಲ್ಲಿ ಎಂದು ಸನ್ನೆ ಮಾಡಿದ.

"ಆ ಮೆಟ್ಟಿಲು ಕೂರಿಸಿದ್ದು ನಾನು," ಎಂದರು ಮೇಸ್ತ್ರಿಗಳು. "ಸೊಸೆ ಎಡಗಡೆ ಮಾತ್ರ ಅಂದಿದ್ದಳು. ನಾನು ಮಾತು ಕೇಳಲಿಲ್ಲ. ಈ ಹುಡುಗಿ ಅದನ್ನ ಮುಟ್ಟೇ ಇಲ್ಲ."

ಯಾರೂ ನಂಬಲಿಲ್ಲ. ಸೊಸೆಯಂತೂ, ಮಾವ ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ, ನೀವು ಕಿವಿಗೆ ಹಾಕಿಕೊಳ್ಳಬೇಡಿ ಎಂದಳು. ತಾನು ಸುಳ್ಳು ಹೇಳುವವನೇ ಎಂದು ಮೇಸ್ತ್ರಿಗಳಿಗೆ ರೇಗಿತು. ಮನೆಯ ಜಗಳ ಕಚೇರಿಗೆ ಬಂತು. ಒಬ್ಬರು ತಪ್ಪು ನನ್ನದು ಎಂದರೆ, ಇನ್ನೊಬ್ಬರು ಅದು ಹೇಗೆ ನಿಮ್ಮದಾಗುತ್ತೆ, ನನ್ನದು ಎಂದರು. ಕನ್ನಡಕದ ಹಿರಿಯಾಕೆ ಇಬ್ಬರ ಮುಖವನ್ನೂ ನೋಡಿ ನೋಡಿ ಕತ್ತು ನೋಯಿಸಿಕೊಂಡರು. ಕಡೆಗೆ ಬೋಲ್ಟು ಯಾಕೆ ತಪ್ಪಿತು ಎಂದು ಮೇಸ್ತ್ರಿಗಳನ್ನು ಕೇಳಿದರು. ತಾನು ಬಲಗಡೆಯನ್ನು ಜನ್ಮದಲ್ಲಿ ನೋಡಿಲ್ಲ ಎಂಬ ಉತ್ತರ ಕೇಳಿ ಆಕೆ ಪೆನ್ನು ಕೆಳಗಿಟ್ಟರು. ಮೊಟ್ಟೆ ವ್ಯಾಪಾರಿ, ಸತ್ಯ ಇರಬೇಕು ಮೇಡಂ, ಎಡಗಡೆಯದು ಬಂಡೆ ಥರ ಕೂತಿದೆ ಎಂದು ಸಾಕ್ಷಿ ಹೇಳಿದ.

"ಅವತ್ತು ಇವರ ಸಂಬಳ ಯಾರು ಕೊಡ್ತಿದ್ದರು?" ಎಂದು ಹಿರಿಯಾಕೆ ಮ್ಯಾನೇಜರನ್ನು ಕೇಳಿದರು.

"ಕಾರ್ಖಾನೆ, ಮೇಡಂ. ಇವತ್ತಿಗೂ ಕಾರ್ಖಾನೇನೇ."

"ಹಾಗಾದ್ರೆ ಈ ದೂರು ಕಾರ್ಖಾನೆ ಮೇಲೆ. ಯಾರ್ಡಿನ ಮೇಲೆ ಎರಡೇ."

ಫೋರ್‌ಮನ್ ಹೊರಗೆ ಬಂದ ಮೇಲೆ, ಕೂತ ಕೊಂಬೆಯನ್ನು ಕಡಿದುಕೊಂಡಿರಲ್ಲ, ಈಗ ಸಾಲು ಹೋಯಿತು, ನೀವೂ ಹೋದಿರಿ ಎಂದು ಮೇಸ್ತ್ರಿಗಳಿಗೆ ಹೇಳಿದ. ಮೇಸ್ತ್ರಿಗಳು ನೋಟ್‌ಬುಕ್ಕನ್ನು ಅವನ ಕೈಗೆ ಕೊಟ್ಟರು. ಅದರಲ್ಲಿ 'ಗಿರಾಕಿಯ ಅತ್ತೆ' ಎಂಬುದರ ಆಚೆಗೆ ಏನೂ ಇರಲಿಲ್ಲ.

ಮತ್ತೆ ದೂರು ಬರದೆಯೇ ಮೂರು ತಿಂಗಳು ಮುಗಿಯಿತು, ಸಾಲು ಬಂದ್ ಆಯಿತು. ಅಲ್ಲಿದ್ದವರಲ್ಲಿ ಕೆಲವರನ್ನು ಬೇರೆ ಕಡೆ ಹಾಕಿದರು, ಬೇಕಾದವರು ಯಾರ್ಡುಗಳಿಗೆ ಅರ್ಜಿ ಹಾಕಬಹುದು ಎಂದರು. ಆದರೆ ಯಾರ್ಡಿಗೆ ಸೇರುವವರು ಅಲ್ಲಿಯ ಮುಖ್ಯಸ್ಥರ ಮುಂದೆ ಒಂದು ಗಾಡಿ ಜೋಡಿಸಿ ಪಾಸಾಗಬೇಕು. ಮುಖ್ಯಸ್ಥೆ ಎಂದರೆ ಸೊಸೆ. ಮನೆಯಲ್ಲಿ ಯಾರಿಗೂ ಇದರ ಚಿಂತೆ ಇರಲಿಲ್ಲ. ಮೇಸ್ತ್ರಿಗಳು ಎರಡು ವಾರ ಬಲಗಡೆಯನ್ನು ಅಭ್ಯಾಸ ಮಾಡಿದರು. ಮೊಮ್ಮಗಳು ರಟ್ಟಿನ ಮೇಲೆ ಮೆಟ್ಟಿಲಿನ ಚಿತ್ರ ಬರೆದು, ಮುಂದೆ ಯಾವುದು ಅಜ್ಜ, ಹಿಂದೆ ಯಾವುದು ಅಜ್ಜ ಎಂದು ಊಟಕ್ಕೆ ಮೊದಲೂ ಆಮೇಲೂ ಕೇಳುತ್ತಿದ್ದಳು.

ಪರೀಕ್ಷೆಯ ದಿನ ಮೇಸ್ತ್ರಿಗಳು ಬಲಗಡೆಗೆ ಹೋಗಿ ಕೂತರು. ಮುಂದೆ ಉದ್ದದ್ದು, ಹಿಂದೆ ಗಿಡ್ಡದು. ನಾಲ್ಕು ಬೋಲ್ಟು, ನಾಲ್ಕು ನಿಮಿಷ. ಎದ್ದು ಕೈ ಒರೆಸಿಕೊಂಡರು. ಸೊಸೆ ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿದಳು, ಪ್ರತಿ ನಟ್ಟನ್ನೂ ಸ್ಪ್ಯಾನರ್ ಹಾಕಿ ನೋಡಿದಳು. ಎದ್ದು ಬಂದು, ಮಾವನ ಕಣ್ಣು ತಪ್ಪಿಸಿ, ಹಾಳೆಯಲ್ಲಿ ಫೇಲ್ ಎಂದು ಬರೆದಳು.

ಸಂಜೆ ಮನೆಯಲ್ಲಿ ಕೋಲಾಹಲ. ಮಗ ಹೆಂಡತಿಯ ಮೇಲೆ ಮೊದಲ ಬಾರಿಗೆ ದನಿ ಎತ್ತಿದ, ಅದೂ ಕೈಯಲ್ಲಿ ಬಟ್ಟೆ ಇಲ್ಲದೆ. ಅಪ್ಪ ನಿನ್ನ ಹೆಸರು ಉಳಿಸಲು ತಮ್ಮ ಹೆಸರು ಕಳೆದುಕೊಂಡರು, ನೀನು ಅವರನ್ನೇ ಫೇಲ್ ಮಾಡಿದೆ ಎಂದ. ಮೊಮ್ಮಗಳು ಅಳುವುದಕ್ಕೆ ತಯಾರಾದಳು. ಅತ್ತೆ ಅನ್ನದ ಪಾತ್ರೆ ಕುಕ್ಕಿದರು.

"ಬೋಲ್ಟು ತಪ್ಪಿತ್ತೇನಮ್ಮ?"

"ಇಲ್ಲ ಅತ್ತೆ, ಬೋಲ್ಟು ಸರಿ ಇತ್ತು."

"ಮತ್ತೆ ಇನ್ನೇನು ಬೇಕಿತ್ತು ನಿನಗೆ?"

ಸೊಸೆಯ ಕಣ್ಣು ತುಂಬಿತ್ತು, ಆದರೂ ಮಾತು ನುಂಗಲಿಲ್ಲ. ಆ ಗಾಡಿಯ ಡ್ರೈವರು ಪಕ್ಕದಲ್ಲೇ ನಿಂತಿದ್ದ ಎಂದಳು. ವಯಸ್ಸಾದವನು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ. ಮಾವ ಅವನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ಮೆಟ್ಟಿಲು ಗಟ್ಟಿಯಾಗಿ ಕೂತಿತು, ಆದರೆ ಆ ಕಾಲು ಅಷ್ಟು ಎತ್ತರಕ್ಕೆ ಏಳುವುದಿಲ್ಲ. ಅವಳು ಇಷ್ಟು ಹೇಳಿ ಮಾವನ ಮುಖ ನೋಡಿದಳು. "ಯಾರ ಕಾಲಿಗೆ ಕೂರಿಸಿದ್ರಿ ಮಾವ?"

ಮಗ ಮತ್ತೆ ಏನೋ ಹೇಳಲು ಹೋದ. ಮೇಸ್ತ್ರಿಗಳು ಕೈ ಎತ್ತಿ ತಡೆದರು.

"ಸುಮ್ಮನಿರು. ಇಪ್ಪತ್ತೆಂಟು ವರ್ಷ ಎಲ್ಲರೂ ನನ್ನನ್ನ ಪಾಸು ಮಾಡಿದವರೇ. ಇದು ಯಾರ ಕಾಲಿಗೆ ಅಂತ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಒಬ್ಬಳು ಕೇಳಿದಳು. ಅವಳು ನನ್ನ ಸೊಸೆ." ಆಮೇಲೆ ಸೊಸೆಯ ಕಡೆ ತಿರುಗಿ, ಆ ಮುದುಕ ಮತ್ತೆ ಯಾವಾಗ ಬರುತ್ತಾನೆ ಎಂದು ಕೇಳಿದರು.

"ಸೋಮವಾರ, ಎಂಟು ಗಂಟೆಗೆ. ಅವರ ಗಾಡಿ ಇನ್ನೂ ಕೊಟ್ಟಿಲ್ಲ."

"ಹಾಗಾದ್ರೆ ಮೊದಲು ಊಟ ಬಡಿಸು," ಎಂದು ಮೇಸ್ತ್ರಿಗಳು ತಟ್ಟೆ ಮುಂದಿಟ್ಟರು. ಎರಡು ಸಲ ಬಡಿಸಿಕೊಂಡು ಉಂಡರು.

ಸೋಮವಾರ ಅವರು ಪೆಟ್ಟಿಗೆ ತೆರೆಯುವ ಮೊದಲು ಮುದುಕ ಡ್ರೈವರನ್ನು ಕೂರಿಸಿ ಮೊಣಕಾಲಿನ ಕಥೆ ಕೇಳಿದರು. ಮೊಣಕಾಲಿನಿಂದ ಮಾತು ರಸ್ತೆಗೆ ಹೋಯಿತು, ರಸ್ತೆಯಿಂದ ಅವನ ಮೂವರು ಹೆಣ್ಣುಮಕ್ಕಳಿಗೆ, ಅಲ್ಲಿಂದ ಅಳಿಯಂದಿರಿಗೆ. ಮೆಟ್ಟಿಲಿಗೆ ನಾಲ್ಕು ನಿಮಿಷ ಹಿಡಿಯಿತು, ಮಾತಿಗೆ ಮುಕ್ಕಾಲು ಗಂಟೆ. ಕಡೆಗೆ ಸೊಸೆಯೇ ಬಂದು ಸಾಕು ಮಾವ ಎನ್ನಬೇಕಾಯಿತು. ಮುದುಕ ಒಂದೇ ಹೆಜ್ಜೆಗೆ ಹತ್ತಿ ಕೂತ. ಮೇಸ್ತ್ರಿಗಳು ಪಾಸಾದರು.

ಆದರೆ ಮನೆಗೆ ಬಂದವರಿಗೆಲ್ಲ ಅವರು ಹೇಳುವುದು ಪಾಸಾದ ಕಥೆಯನ್ನಲ್ಲ. ಟೀ ಬರುವುದಕ್ಕೂ ಮೊದಲೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ನನ್ನ ಸೊಸೆ ನನ್ನನ್ನ ಫೇಲ್ ಮಾಡಿದ್ದು ನಿಮಗೆ ಹೇಳಿದ್ನಾ?" ಎಂದು ಶುರು ಮಾಡುತ್ತಾರೆ.